ಸರ್ಕಾರ ಕುಸಿದ ನಾಡಿಗೆ ಫೋನು ಬಂದ ಬಗೆ: ಸೋಮಾಲಿಯಾದ ಟವರ್, ಕೇಬಲ್ ಮತ್ತು *712#

2025ರ ಸೆಪ್ಟೆಂಬರ್ ಮೊದಲ ವಾರದಲ್ಲಿ ಸೌದಿ ಅರೇಬಿಯಾದ ಜೆಡ್ಡಾ ಬಳಿ, ಕೆಂಪು ಸಮುದ್ರದ ತಳದಲ್ಲಿ ಇಂಟರ್ನೆಟ್ ಕೇಬಲ್‌ಗಳು ತುಂಡಾದವು. ಭಾರತ, ಪಾಕಿಸ್ತಾನ, ಯುಎಇಯ ಅನೇಕರಿಗೆ ಆಗ ಇಂಟರ್ನೆಟ್ ನಿಧಾನವಾಯಿತು. ನಿಧಾನವಾಯಿತು ಅಷ್ಟೆ, ನಿಲ್ಲಲಿಲ್ಲ. ಮುಂಬೈ, ಚೆನ್ನೈ, ಕೊಚ್ಚಿಯ ದಡಕ್ಕೆ ಬರುವ ಕೇಬಲ್‌ಗಳು ಹತ್ತಕ್ಕೂ ಹೆಚ್ಚಿವೆ. ಒಂದು ದಾರಿ ಮುಚ್ಚಿದರೆ ಮಾಹಿತಿ ಇನ್ನೊಂದು ದಾರಿ ಹಿಡಿಯುತ್ತದೆ.

2017ರ ಜೂನ್‌ನಲ್ಲಿ ಸೋಮಾಲಿಯಾಕ್ಕೆ ಅಂಥ ಇನ್ನೊಂದು ದಾರಿ ಇರಲಿಲ್ಲ. ಒಂದು ಸರಕು ಹಡಗಿನ ಲಂಗರು ಒಂದು ಕೇಬಲ್ಲನ್ನು ಕಿತ್ತಿತು. ರಾಜಧಾನಿ ಮೊಗದಿಶು ಸೇರಿದಂತೆ ದೇಶದ ದಕ್ಷಿಣ ಮತ್ತು ಮಧ್ಯ ಭಾಗ ಮೂರು ವಾರಕ್ಕೂ ಹೆಚ್ಚು ಕಾಲ ಇಂಟರ್ನೆಟ್ ಇಲ್ಲದೆ ಉಳಿಯಿತು. ದಿನಕ್ಕೆ 1 ಕೋಟಿ ಡಾಲರ್ ನಷ್ಟವಾಗುತ್ತಿದೆ ಎಂದು ಅಲ್ಲಿನ ದೂರಸಂಪರ್ಕ ಸಚಿವರು ಆಗ ಹೇಳಿದ್ದರು.

ಈ ಸುದ್ದಿ ಕೇಳಿದ ಯಾರಿಗಾದರೂ ಬೇರೆ ಪ್ರಶ್ನೆಯೇ ಮೊದಲು ಏಳಬೇಕು. 1991ರಿಂದ ಅಂತರ್ಯುದ್ಧದಲ್ಲಿ ಬೆಂದ, ಎರಡು ದಶಕ ಗಟ್ಟಿಯಾದ ಕೇಂದ್ರ ಸರ್ಕಾರವೇ ಇರದಿದ್ದ ದೇಶದಲ್ಲಿ, ನಿಂತರೆ ದಿನಕ್ಕೆ ಕೋಟಿ ಡಾಲರ್ ನಷ್ಟವಾಗುವಷ್ಟು ಇಂಟರ್ನೆಟ್ ಬೆಳೆದದ್ದಾದರೂ ಹೇಗೆ? ಉತ್ತರ ಸಿಗಬೇಕಾದರೆ ಫೋನ್ ಜಾಲ ಅಂದರೆ ಏನು ಎಂಬಲ್ಲಿಂದಲೇ ಹೊರಡಬೇಕು.

ಹಾಲಿನ ಡೇರಿಯ ಲೆಕ್ಕದಲ್ಲಿ ಒಂದು ನೆಟ್‌ವರ್ಕ್

ಯಾವ ದೇಶದ್ದಾದರೂ ಸರಿ, ಮೊಬೈಲ್ ಜಾಲದಲ್ಲಿ ಮುಖ್ಯವಾಗಿ ನಾಲ್ಕು ಭಾಗ. ನಮ್ಮ ಹಳ್ಳಿಯ ಹಾಲಿನ ವ್ಯವಸ್ಥೆ ನೆನೆಸಿಕೊಂಡರೆ ಸುಲಭ. ಮನೆಯ ಹಾಲು ಮೊದಲು ಹೋಗುವುದು ಊರಿನ ಡೇರಿಗೆ. ಫೋನಿಗೆ ಆ ಡೇರಿ ಎಂದರೆ ಟವರ್. ಅಲ್ಲಿಂದ ಲಾರಿಯಲ್ಲಿ ಒಕ್ಕೂಟದ ದೊಡ್ಡ ಡೇರಿಗೆ ಸಾಗಾಟ. ಟವರಿನ ಮೇಲೆ ಡೋಲಿನಂತೆ ಕಾಣುವ ಬಿಳಿ ಮೈಕ್ರೋವೇವ್ ಆಂಟೆನಾಗಳು, ಅಥವಾ ನೆಲದಡಿಯ ಫೈಬರ್, ಈ ಲಾರಿಯ ಕೆಲಸ ಮಾಡುತ್ತವೆ. ಅಳತೆ, ಲೆಕ್ಕ, ಬಟವಾಡೆ ಎಲ್ಲ ದೊಡ್ಡ ಡೇರಿಯಲ್ಲಿ. ಫೋನಿನಲ್ಲಿ ಅದು ಎಕ್ಸ್‌ಚೇಂಜ್: ಯಾವ ಸಿಮ್ ಯಾರದ್ದು, ಎಷ್ಟು ಬ್ಯಾಲೆನ್ಸ್ ಇದೆ, ಕರೆಯನ್ನು ಎಲ್ಲಿಗೆ ಕಳಿಸಬೇಕು ಎಂಬುದೆಲ್ಲ ಗೊತ್ತಿರುವ ಜಾಗ. ಕೊನೆಯದು ಹೊರ ರಾಜ್ಯಕ್ಕೆ ಹೋಗುವ ಹೆದ್ದಾರಿ. ಹೊರದೇಶಕ್ಕೆ ದಾರಿ ಮಾಡುವ ಉಪಗ್ರಹ ಅಥವಾ ಸಮುದ್ರದಡಿ ಕೇಬಲ್ ಅದಕ್ಕೆ ಸಮ.

ಇವೆಲ್ಲದರ ಮೇಲೆ ಕಣ್ಣಿಟ್ಟು, ಯಾರಿಗೆ ಯಾವ ತರಂಗ, ಯಾವ ನಂಬರ್, ಇಬ್ಬರ ಜಗಳಕ್ಕೆ ಏನು ತೀರ್ಪು ಎಂದು ಹೇಳುವವರು ಒಬ್ಬರು ಬೇಕು. ಭಾರತದಲ್ಲಿ ಆ ಕೆಲಸ ದೂರಸಂಪರ್ಕ ಇಲಾಖೆ ಮತ್ತು ಟ್ರಾಯ್‌ದು. ಸೋಮಾಲಿಯಾದಲ್ಲಿ ಉಳಿದ ನಾಲ್ಕೂ ಬಂದವು. ಈ ಐದನೆಯದು ಬಂದದ್ದು ಎಲ್ಲಕ್ಕಿಂತ ಕೊನೆಗೆ. ಅಲ್ಲಿನ ಜಾಲದ ಶಕ್ತಿ, ದೌರ್ಬಲ್ಯ ಎರಡರ ಬೇರೂ ಬಹುಮಟ್ಟಿಗೆ ಇಲ್ಲೇ ಇದೆ.

ತಾಮ್ರದ ತಂತಿ ಯಾಕೆ ಮರಳಿ ಬರಲಿಲ್ಲ

1991ರ ಜನವರಿಯಲ್ಲಿ ಅಧ್ಯಕ್ಷ ಸಿಯಾದ್ ಬರೆ ಸರ್ಕಾರ ಉರುಳಿತು. ಸರ್ಕಾರಿ ಫೋನ್ ಜಾಲ ಲೂಟಿಯಾಯಿತು. ತಾಮ್ರ ಮಾರಿದರೆ ಕೈಗೆ ಕಾಸು. ಆದ್ದರಿಂದ ನೆಲ ಅಗೆದು ಕೇಬಲ್ ಕಿತ್ತರು, ಎಕ್ಸ್‌ಚೇಂಜ್‌ಗಳನ್ನು ಬರಿದು ಮಾಡಿದರು.

ಹಳೆಯ ಸ್ಥಿರ ದೂರವಾಣಿಗೆ ಎಕ್ಸ್‌ಚೇಂಜಿನಿಂದ ಪ್ರತಿ ಮನೆಗೂ ಒಂದು ಜೊತೆ ತಾಮ್ರದ ತಂತಿ ಹೋಗಬೇಕು. ಸಾವಿರ ಮನೆಗೆ ಸಾವಿರ ಜೊತೆ. ಬೀದಿ ಬೀದಿ ಅಗೆಯಬೇಕು, ಅಗೆಯಲು ಒಪ್ಪಿಗೆ ಬೇಕು, ಹೂತದ್ದನ್ನು ಕಾಯಬೇಕು. ಬೀದಿಗೊಂದು ಬಂದೂಕಿನ ಗುಂಪು ಇರುವ ಊರಿನಲ್ಲಿ ಇದು ಆಗದ ಮಾತು. ಮೊಬೈಲ್ ಟವರಿಗಾದರೆ ಗೋಡೆ ಕಟ್ಟಿಸಿದ ಒಂದು ಸಣ್ಣ ನಿವೇಶನ ಸಾಕು. ಜಿಎಸ್‌ಎಂ ತಂತ್ರಜ್ಞಾನದಲ್ಲಿ ಒಂದು ಟವರಿನ ಸಿಗ್ನಲ್ ಲೆಕ್ಕದ ಪ್ರಕಾರ 35 ಕಿ.ಮೀ.ವರೆಗೂ ಹೋಗಬಲ್ಲದು. ಕಟ್ಟಡ ತುಂಬಿದ ಪೇಟೆಯಲ್ಲಿ ಒಂದೆರಡು ಕಿ.ಮೀ.ಗೆ ಇಳಿಯುತ್ತದೆ, ಸೋಮಾಲಿಯಾದಂಥ ಬಯಲು ನೆಲದಲ್ಲಿ ಬಹು ದೂರ ಮುಟ್ಟುತ್ತದೆ. ಕಾಯಬೇಕಾದದ್ದು ನೂರು ಬೀದಿಯಲ್ಲ, ಒಂದು ಕಾಂಪೌಂಡು.

ಟೆಲ್ಕಾಂ ಸೋಮಾಲಿಯಾ, ನೇಷನ್‌ಲಿಂಕ್, ಅಲ್-ಬರಕಾತ್ ಮುಂತಾದ ಖಾಸಗಿ ಕಂಪನಿಗಳು 1990ರ ದಶಕದಲ್ಲೇ ಕೆಲಸ ಶುರುಮಾಡಿದವು. 2002ರ ಸುಮಾರಿಗೆ ಮೊಗದಿಶುವಿನಲ್ಲಿ ಹೊರ್ಮೂದ್, ಈಶಾನ್ಯದ ಪುಂಟ್‌ಲ್ಯಾಂಡಿನಲ್ಲಿ ಗೋಲಿಸ್, ವಾಯವ್ಯದ ಸೋಮಾಲಿಲ್ಯಾಂಡಿನಲ್ಲಿ ಟೆಲಿಸೋಮ್ ಬಂದವು. ಸೋಮಾಲಿಲ್ಯಾಂಡ್ 1991ರಲ್ಲೇ ತಾನು ಬೇರೆ ಎಂದು ಘೋಷಿಸಿಕೊಂಡು, ತನ್ನದೇ ಆಡಳಿತ ಕಟ್ಟಿಕೊಂಡಿದೆ. ನಂಬರ್ ನೋಡಿದರೆ ಕಂಪನಿ ಯಾವುದೆಂದು ಇಂದಿಗೂ ಹೇಳಬಹುದು: ದೇಶದ ಸಂಕೇತ 252 ಆದಮೇಲೆ 61 ಬಂದರೆ ಹೊರ್ಮೂದ್, 63 ಟೆಲಿಸೋಮ್, 90 ಗೋಲಿಸ್.

ಲೈಸೆನ್ಸ್ ಶುಲ್ಕ ಕೇಳುವವರಿರಲಿಲ್ಲ, ಸರ್ಕಾರಿ ಏಕಸ್ವಾಮ್ಯವೂ ಇರಲಿಲ್ಲ. ಹಾಗಾಗಿ ಪೈಪೋಟಿ ಜೋರು, ದರ ಕಡಿಮೆ. ಅದೇ ಹೊತ್ತಿಗೆ ಕರಾರು ಮುರಿದರೆ ಹೋಗಲು ನ್ಯಾಯಾಲಯವೂ ಇರಲಿಲ್ಲ. ಈ ಕೊರತೆಯನ್ನು ಕಂಪನಿಗಳು ತುಂಬಿಕೊಂಡದ್ದು ಕುಲದ ನಂಟಿನಿಂದ. ಬೇರೆ ಬೇರೆ ಕುಲದವರಿಗೆ ಷೇರು ಹಂಚಿದರು, ಟವರ್ ನಿಲ್ಲುವ ಜಾಗದವರಿಂದಲೇ ಜಾಗ ಬಾಡಿಗೆಗೆ ಹಿಡಿದರು, ಅಲ್ಲಿನವರನ್ನೇ ಕಾವಲಿಗೆ ಇಟ್ಟರು. ತಮ್ಮದೂ ಪಾಲಿರುವ ಟವರನ್ನು ಯಾರೂ ಸುಲಭಕ್ಕೆ ಮುಟ್ಟುವುದಿಲ್ಲ.

ಬಡ ದೇಶದಲ್ಲಿ ಫೋನಿಗೆ ದುಡ್ಡು ಎಲ್ಲಿಂದ?

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎನ್ನುವಂತೆ ಕಾಣಬಹುದು. ಇಲ್ಲಿ ಸಂಗತಿ ತಿರುಗುಮುರುಗು: ಹೊಟ್ಟೆಗೆ ಹಿಟ್ಟು ಬರುತ್ತಿದ್ದದ್ದೇ ಫೋನಿನ ದಾರಿಯಲ್ಲಿ.

ಯುದ್ಧದಿಂದ ಓಡಿಹೋದ ಲಕ್ಷಾಂತರ ಸೋಮಾಲಿಗಳು ಅಮೆರಿಕದ ಮಿನಿಯಾಪೊಲಿಸ್, ಕೆನಡಾದ ಟೊರಾಂಟೊ, ಲಂಡನ್, ದುಬೈ, ನೈರೋಬಿಗಳಲ್ಲಿ ನೆಲೆಸಿದರು. ಅಲ್ಲಿಂದ ಊರಿಗೆ ಹಣ ಕಳಿಸುವುದು ಹವಾಲಾ ಅಂಗಡಿಗಳ ಮೂಲಕ. ಸೋಮಾಲಿಯಲ್ಲೂ ಆ ಪದ ಹೆಚ್ಚು ಕಡಿಮೆ ಇದೇ. "ಕಳಿಸಿದ್ದೇನೆ, ಹೋಗಿ ತೆಗೆದುಕೋ" ಎಂದು ಹೇಳಲು ಫೋನು ಬೇಕೇ ಬೇಕು. ಹಣದ ಅಂಗಡಿ, ಫೋನ್ ಕಂಪನಿ ಎರಡೂ ಅಲ್ಲಿ ಒಂದೇ ಮನೆತನದ ವ್ಯವಹಾರದಂತೆ ಬೆಳೆದದ್ದು ಆಕಸ್ಮಿಕವಲ್ಲ.

ಇನ್ನೊಂದು ಆದಾಯ ಕಣ್ಣಿಗೆ ಬೀಳದಂಥದ್ದು. ಮಿನಿಯಾಪೊಲಿಸ್‌ನಿಂದ ಮೊಗದಿಶುವಿಗೆ ಕರೆ ಬಂದರೆ, ಕರೆ ಮಾಡಿದವರ ಕಂಪನಿ ಆ ಕರೆಯನ್ನು ಮುಟ್ಟಿಸಿಕೊಟ್ಟ ಸೋಮಾಲಿ ಕಂಪನಿಗೆ ನಿಮಿಷಕ್ಕೆ ಇಷ್ಟು ಎಂದು ಡಾಲರ್ ಲೆಕ್ಕದಲ್ಲಿ ಕೊಡಬೇಕು. ದೇಶ ದೇಶಗಳ ನಡುವಿನ ಕರೆಗಳಿಗೆ ಸಾಮಾನ್ಯವಾಗಿ ಇದೇ ಪದ್ಧತಿ. ಊರಿನಿಂದ ಹೊರಗೆ ಹೋಗುವ ಕರೆಗಿಂತ ಒಳಗೆ ಬರುವ ಕರೆ ಬಹಳ ಹೆಚ್ಚಿದ್ದರೆ ಡಾಲರ್ ಒಳಗೇ ಹರಿಯುತ್ತದೆ. ಮೊಗದಿಶುವಿನ ಟವರಿಗೆ ಬೇಕಾದ ಬಂಡವಾಳದಲ್ಲಿ ಒಂದು ಪಾಲನ್ನು ಹೀಗೆ ಹೊರದೇಶದ ಸೋಮಾಲಿಗಳೇ, ತಮಗೆ ಗೊತ್ತಿಲ್ಲದೆ, ನಿಮಿಷ ನಿಮಿಷವಾಗಿ ಕಟ್ಟಿದರು.

ಹಣ ಮತ್ತು ಫೋನು ಹೀಗೆ ಒಂದೇ ಬುಡದಲ್ಲಿ ಇದ್ದುದರ ಅಪಾಯ 2001ರಲ್ಲಿ ಕಂಡಿತು. ಹವಾಲಾ, ಫೋನ್ ಎರಡನ್ನೂ ನಡೆಸುತ್ತಿದ್ದ ಅಲ್-ಬರಕಾತ್ ಭಯೋತ್ಪಾದಕರಿಗೆ ಹಣ ಸಾಗಿಸುತ್ತಿದೆ ಎಂದು ಆರೋಪಿಸಿ ಅಮೆರಿಕ ನವೆಂಬರ್ 7ರಂದು ಅದರ ಆಸ್ತಿಯನ್ನು ತಡೆಹಿಡಿಯಿತು. ಅದರ ಫೋನ್ ಸೇವೆಗೆ ಪೆಟ್ಟು ಬಿತ್ತು. ಅದರ ಜೊತೆ ನಂಟಿದ್ದ, ದೇಶದ ಪಾಲಿಗೆ ಆಗ ಹೆಬ್ಬಾಗಿಲಾಗಿದ್ದ ಇಂಟರ್ನೆಟ್ ಕಂಪನಿಯೂ ಹೊರಸಂಪರ್ಕ ಕಳೆದುಕೊಂಡು ಬಾಗಿಲು ಮುಚ್ಚಿತು. ಅಲ್-ಬರಕಾತ್‌ನಿಂದ ಅಲ್-ಖೈದಾಕ್ಕೆ ಹಣ ಹೋಗಿತ್ತೆಂಬುದಕ್ಕೆ ಸಾಕ್ಷ್ಯ ಸಿಗಲಿಲ್ಲವೆಂದು ಅಮೆರಿಕದ್ದೇ 9/11 ಆಯೋಗದ ಸಿಬ್ಬಂದಿ ವರದಿ ನಂತರ ಹೇಳಿತು. ಅಷ್ಟರಲ್ಲಿ ಊರಿನವರು ಹಣಕ್ಕೂ ಮಾತಿಗೂ ಪರದಾಡಿ ಆಗಿತ್ತು.

ಒಬ್ಬರ ಜೇಬಿನಲ್ಲಿ ಮೂರು ಫೋನ್

ಆರಂಭದ ವರ್ಷಗಳಲ್ಲಿ ಮೊಗದಿಶುವಿನ ವ್ಯಾಪಾರಿಯೊಬ್ಬ ಎಲ್ಲ ಗಿರಾಕಿಗಳ ಜೊತೆ ಮಾತಾಡಬೇಕಾದರೆ ಕಂಪನಿಗೊಂದರಂತೆ ಫೋನ್ ಇಟ್ಟುಕೊಳ್ಳಬೇಕಿತ್ತು. ಒಂದು ಕಂಪನಿಯ ಸಿಮ್‌ನಿಂದ ಇನ್ನೊಂದರ ಸಿಮ್‌ಗೆ ಕರೆ ಹೋಗುತ್ತಿರಲಿಲ್ಲ.

ಎರಡು ಒಕ್ಕೂಟಗಳ ನಡುವೆ ಹಾಲು ಸಾಗಿಸುವ ಲಾರಿ ಇಲ್ಲದಂತೆ ಇದು. ಫೋನಿನಲ್ಲಿ ಆ ಲಾರಿಗೆ ಇ-1 ಎಂದು ಹೆಸರು. ಎರಡು ಎಕ್ಸ್‌ಚೇಂಜ್‌ಗಳನ್ನು ಸೇರಿಸುವ, ಸೆಕೆಂಡಿಗೆ 2.048 ಮೆಗಾಬಿಟ್ ಸಾಗಿಸುವ ಒಂದು ಕೊಂಡಿ. ಒಮ್ಮೆಗೆ 30 ಕರೆ ಹಿಡಿಸುತ್ತದೆ. ನೂರಕ್ಕೆ ಒಂದಕ್ಕಿಂತ ಹೆಚ್ಚು ಕರೆ ಬಿದ್ದುಹೋಗಬಾರದು ಎಂದರೆ ಇದರ ಮೇಲೆ ಸರಾಸರಿ 20 ಕರೆಯ ಭಾರವಷ್ಟೇ ಹಾಕಬಹುದು. ಕರೆಗೆ 3 ನಿಮಿಷ ಹಿಡಿದರೆ ಗಂಟೆಗೆ ಸುಮಾರು 400 ಕರೆ. ಎರಡು ದೊಡ್ಡ ಕಂಪನಿಗಳಿಗೆ ಇಂಥ ಹತ್ತಾರು ಕೊಂಡಿ ಬೇಕು. ಕಡಿಮೆ ಹಾಕಿದರೆ ಸಂಜೆ ಹೊತ್ತು ಬರೀ "ಬ್ಯುಸಿ" ಸದ್ದು.

ತಂತಿ ಎಳೆಯುವುದು ಒಂದು ದಿನದ ಕೆಲಸ. ಕಷ್ಟವಿರುವುದು ಲೆಕ್ಕದಲ್ಲಿ. ಯಾರ ಕರೆ ಯಾರಿಗೆ ಎಷ್ಟು ನಿಮಿಷ ಹೋಯಿತು, ತಿಂಗಳ ಕೊನೆಗೆ ಯಾರು ಯಾರಿಗೆ ಕೊಡಬೇಕು, ಎರಡೂ ಕಡೆಯ ಪಟ್ಟಿ ತಾಳೆಯಾಗದಿದ್ದರೆ ಯಾರ ಮಾತು ಕಟ್ಟಕಡೆಯದು? ಜೊತೆಗೆ ದೊಡ್ಡ ಕಂಪನಿಗೆ ಕೊಂಡಿ ಹಾಕುವ ಆಸೆಯೇ ಇರುವುದಿಲ್ಲ. ಹೆಚ್ಚು ಜನ ತನ್ನ ಬಳಿ ಇರುವವರೆಗೆ ಹೊಸಬರೂ ತನ್ನ ಸಿಮ್ಮನ್ನೇ ಕೊಳ್ಳುತ್ತಾರೆ. 2005ರಲ್ಲಿ ಮೊಗದಿಶುವಿನ ಮೂರು ದೊಡ್ಡ ಕಂಪನಿಗಳು ಪರಸ್ಪರ ಒಪ್ಪಂದ ಮಾಡಿಕೊಂಡವು. ಆದರೆ ದೇಶವಿಡೀ ಎಲ್ಲರೂ ಎಲ್ಲರಿಗೂ ಕರೆ ಮಾಡುವಂತಾಗಲು ಒಪ್ಪಂದ ಸಾಲದು, ಆಜ್ಞೆ ಬೇಕಿತ್ತು.

ಟವರಿನ ಕೆಳಗೆ ಏನಿದೆ

ಇಂಥ ದೇಶದಲ್ಲಿ ಸೇವೆ ಕೆಟ್ಟರೆ ಎಲ್ಲರೂ ಕತ್ತೆತ್ತಿ ಆಂಟೆನಾ ನೋಡುತ್ತಾರೆ. ಕೆಡುವುದು ಹೆಚ್ಚಾಗಿ ಕೆಳಗೆ, ಡೀಸೆಲ್ ಜನರೇಟರಿನ ಹತ್ತಿರ. ಊರಿಗೆ ವಿದ್ಯುತ್ ಜಾಲ ಇಲ್ಲದಿದ್ದರೆ ಪ್ರತಿ ಟವರೂ ತನ್ನ ಕರೆಂಟನ್ನು ತಾನೇ ಹುಟ್ಟಿಸಿಕೊಳ್ಳಬೇಕು.

ಸಾಧಾರಣ ಟವರಿಗೆ ಸುಮಾರು 2 ಕಿಲೋವಾಟ್ ಬೇಕು ಅನ್ನೋಣ. 15 ಕೆವಿಎ ಆಸುಪಾಸಿನ ಜನರೇಟರ್ ಇಷ್ಟು ಕಡಿಮೆ ಹೊರೆಯಲ್ಲೂ ಗಂಟೆಗೆ ಹತ್ತಿರ ಹತ್ತಿರ 2 ಲೀಟರ್ ಕುಡಿಯುತ್ತದೆ. ಹಗಲು ರಾತ್ರಿ ಓಡಿದರೆ ದಿನಕ್ಕೆ 48 ಲೀಟರ್, ತಿಂಗಳಿಗೆ 1,440 ಲೀಟರ್, ಅಂದರೆ 200 ಲೀಟರಿನ ಏಳು ಬ್ಯಾರೆಲ್. ಮಳೆಗಾಲದಲ್ಲಿ ಕೊಚ್ಚಿಹೋಗುವ, ನಡುವೆ ಸಶಸ್ತ್ರ ಗುಂಪುಗಳು ತಡೆದು ಸುಂಕ ಕೇಳುವ ದಾರಿಯಲ್ಲಿ ಇಷ್ಟನ್ನು ಪ್ರತಿ ತಿಂಗಳೂ ತಲುಪಿಸಬೇಕು.

ಜನರೇಟರಿಗೆ ಹೊರೆ ಕಡಿಮೆಯಾದರೂ ಕೇಡೇ. ತನ್ನ ಶಕ್ತಿಯ ಕಾಲು ಭಾಗಕ್ಕಿಂತ ಕಡಿಮೆ ಕೆಲಸ ಮಾಡುತ್ತಾ ಹೋದರೆ ಎಂಜಿನ್ ಸಾಕಷ್ಟು ಬಿಸಿಯಾಗುವುದಿಲ್ಲ, ಡೀಸೆಲ್ ಪೂರ್ತಿ ಉರಿಯುವುದಿಲ್ಲ. ಉಳಿದ ಮಸಿ, ಜಿಡ್ಡು ಹೊಗೆಕೊಳವೆಯಲ್ಲಿ ಕಟ್ಟಿಕೊಂಡು ಕಪ್ಪಗೆ ಸೋರತೊಡಗುತ್ತದೆ. ಉಳಿದ ಕಾಯಿಲೆಗಳು ಮಾಮೂಲು: ಡೀಸೆಲ್‌ನಲ್ಲಿ ನೀರು ಸೇರುವುದು, ಧೂಳಿಗೆ ಏರ್ ಫಿಲ್ಟರ್ ಕಟ್ಟುವುದು, ಸ್ಟಾರ್ಟ್ ಮಾಡುವ 12 ವೋಲ್ಟ್ ಬ್ಯಾಟರಿ ಸತ್ತಿರುವುದು. ಈ ಕೊನೆಯದರಿಂದಲೇ ಎಷ್ಟೋ ಟವರ್‌ಗಳು, ಟ್ಯಾಂಕ್ ತುಂಬ ಡೀಸೆಲ್ ಇದ್ದೂ, ಮಲಗುತ್ತವೆ.

ಅದಕ್ಕೇ ನಡುವೆ ಬ್ಯಾಟರಿ ಸಾಲು ಇಡುತ್ತಾರೆ: 2 ವೋಲ್ಟಿನ 24 ಸೆಲ್ ಸೇರಿ 48 ವೋಲ್ಟ್. 2 ಕಿಲೋವಾಟ್ ಹೊರೆಗೆ ಸುಮಾರು 42 ಆಂಪಿಯರ್ ಹರಿಯುತ್ತದೆ. 600 ಆಂಪಿಯರ್-ಅವರಿನ ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸದೆ ಬಳಸಿದರೆ ಏಳು ಗಂಟೆ ಬರುತ್ತದೆ. ಪೂರ್ತಿ ಖಾಲಿ ಮಾಡುತ್ತಾ ಹೋದರೆ ಬ್ಯಾಟರಿ ಬೇಗ ಸಾಯುತ್ತದೆ. ಸೆಕೆಯೂ ಕೊಲ್ಲುತ್ತದೆ: 25 ಡಿಗ್ರಿಯಿಂದ ಮೇಲೆ ಪ್ರತಿ 10 ಡಿಗ್ರಿಗೆ ಇದರ ಆಯಸ್ಸು ಹೆಚ್ಚು ಕಡಿಮೆ ಅರ್ಧವಾಗುತ್ತದೆ. ಸಮಭಾಜಕದ ಬಿಸಿಲಿನಲ್ಲಿ ತಗಡಿನ ಗೂಡಿನೊಳಗೆ ಇಟ್ಟ ಬ್ಯಾಟರಿಯ ಗತಿ ಊಹಿಸಬಹುದು. ನೆರಳು, ಗಾಳಿ ಓಡುವ ಗೂಡು, ಇವು ಅಲ್ಲಿ ಆಂಟೆನಾದಷ್ಟೇ ಮುಖ್ಯ ಉಪಕರಣ.

ಬಿಸಿಲು ಧಾರಾಳವಿರುವ ನಾಡಿನಲ್ಲಿ ಸೋಲಾರ್ ಲೆಕ್ಕ ಕೂಡುತ್ತದೆ. 2 ಕಿಲೋವಾಟ್‌ನಂತೆ ದಿನಕ್ಕೆ 48 ಯೂನಿಟ್. ಒಳ್ಳೆಯ ಬಿಸಿಲು ಐದೂವರೆ ಗಂಟೆ ಎಂದು ಹಿಡಿದು, ಕಾಲು ಭಾಗ ನಷ್ಟಕ್ಕೆ ಬಿಟ್ಟರೆ, ಸುಮಾರು 12 ಕಿಲೋವಾಟ್ ಪ್ಯಾನೆಲ್ ಬೇಕು: 400 ವಾಟಿನ 30 ಪ್ಯಾನೆಲ್. ಇದಕ್ಕೆ ರಾತ್ರಿಯಿಡೀ ಸಾಲುವಷ್ಟು ದೊಡ್ಡ ಬ್ಯಾಟರಿ ಸೇರಿಸಿದರೆ ಜನರೇಟರ್ ಮೋಡದ ದಿನಕ್ಕೆ ಮಾತ್ರ. ತಿಂಗಳಿಗೆ ಏಳು ಬ್ಯಾರೆಲ್ ಬೇಕಿದ್ದಲ್ಲಿ ಒಂದೋ ಎರಡೋ ಸಾಕು. ದುಡ್ಡು ಉಳಿಯುವುದು ಸರಿ. ಆ ದಾರಿಯಲ್ಲಿ ಟ್ಯಾಂಕರ್ ಓಡಿಸುವ ಮನುಷ್ಯನ ಜೀವಕ್ಕೆ ಅಷ್ಟರಮಟ್ಟಿಗೆ ಅಪಾಯ ತಪ್ಪಿತು ಎಂಬುದು ಅದಕ್ಕಿಂತ ದೊಡ್ಡದು.

ಚಹಾದ ಲೋಟಕ್ಕೂ *712#

ಸೋಮಾಲಿಯಾದ ಕೇಂದ್ರ ಬ್ಯಾಂಕು ಕುಸಿದ ಮೇಲೆ ಅಧಿಕೃತವಾಗಿ ಹೊಸ ಶಿಲ್ಲಿಂಗ್ ನೋಟು ಅಚ್ಚಾಗಲಿಲ್ಲ. ಚಲಾವಣೆಯಲ್ಲಿರುವ ಶಿಲ್ಲಿಂಗ್‌ಗಳಲ್ಲಿ ಸುಮಾರು 98% ನಕಲಿ ಎಂದು ಅಂತರರಾಷ್ಟ್ರೀಯ ಹಣಕಾಸು ನಿಧಿ 2017ರಲ್ಲಿ ಹೇಳಿತು. ಮಾರುಕಟ್ಟೆಗೆ ಹೋಗಲು ಜನ ನೋಟಿನ ಕಂತೆ ಹೊರುತ್ತಿದ್ದರು. ಡಾಲರ್ ಇತ್ತು, ಆದರೆ ಡಾಲರಿಗೆ ಚಿಲ್ಲರೆ ಇರಲಿಲ್ಲ. 30 ಸೆಂಟಿನ ಚಹಾಕ್ಕೆ ಒಂದು ಡಾಲರ್ ನೋಟು ಕೊಟ್ಟರೆ ಉಳಿದದ್ದನ್ನು ಏನು ಕೊಡುವುದು?

ಈ ಬಿರುಕಿನಲ್ಲಿ ಮೊಳೆತದ್ದು ಮೊಬೈಲ್ ಹಣ. 2009ರಲ್ಲಿ ಟೆಲಿಸೋಮ್ ಸೋಮಾಲಿಲ್ಯಾಂಡಿನಲ್ಲಿ ಝಾದ್ ಎಂಬ ಸೇವೆ ತಂದಿತು. ಬಳಿಕ ಹೊರ್ಮೂದ್‌ನ ಇವಿಸಿ ಪ್ಲಸ್ ದಕ್ಷಿಣದಲ್ಲಿ ಹಬ್ಬಿತು. ಎರಡೂ ಡಾಲರ್ ಲೆಕ್ಕದಲ್ಲಿ ನಡೆಯುವಂಥವು. ಇವಿಸಿ ಪ್ಲಸ್‌ನಲ್ಲಿ ಚಹಾದವನಿಗೆ ಹಣ ಕೊಡುವ ಕ್ರಮ ಇಷ್ಟು: ಫೋನಿನಲ್ಲಿ *712* ಒತ್ತಿ, ಅವನ ನಂಬರ್ ಹಾಕಿ, ಮತ್ತೆ * ಒತ್ತಿ, ಮೊತ್ತ ಹಾಕಿ, # ಒತ್ತಿ ಕರೆಯ ಗುಂಡಿ ಒತ್ತುವುದು. ಪರದೆ ಗುಪ್ತಸಂಖ್ಯೆ ಕೇಳುತ್ತದೆ. ಕೊಟ್ಟರೆ ಇಬ್ಬರಿಗೂ ಸಂದೇಶ ಬರುತ್ತದೆ. ಬೇಕಾದದ್ದು ಗುಂಡಿಯ ಹಳೆಯ ಫೋನ್ ಮಾತ್ರ.

ಇಂಟರ್ನೆಟ್ ಬೇಡವೇ? ಬೇಡ. ಇದು ಯುಎಸ್‌ಎಸ್‌ಡಿ ಎಂಬ ವಿಧಾನ. ನಮ್ಮಲ್ಲಿ *99# ಒತ್ತಿ ಯುಪಿಐ ಪಾವತಿ ಮಾಡುವುದೂ ಇದರಲ್ಲೇ. ಕರೆ ಬರುವ ಮುನ್ನ "ಕರೆ ಬರುತ್ತಿದೆ" ಎಂದು ಫೋನಿಗೆ ತಿಳಿಸಲು ಟವರ್ ಬಳಸುವ ಸಣ್ಣ ಸಂಕೇತದ ಹಾದಿ ಒಂದಿದೆ. ಯುಎಸ್‌ಎಸ್‌ಡಿ ಅದೇ ಹಾದಿಯಲ್ಲಿ ಒಮ್ಮೆಗೆ 182 ಅಕ್ಷರದವರೆಗೆ ಸಾಗಿಸುತ್ತದೆ. ಎಸ್‌ಎಂಎಸ್‌ನಂತೆ ಇದು ಕಾದು ಕೂರುವುದಿಲ್ಲ. ಎದುರುಬದುರು ನಿಂತು ಮಾತಾಡಿದಂತೆ. ಸಿಗ್ನಲ್ ನಡುವೆ ಕಡಿದರೆ ಆ ಮಾತು ಅಲ್ಲಿಗೆ ಮುಗಿಯಿತು. ಹಣ ಹೋಯಿತೋ ಇಲ್ಲವೋ ಎಂಬ ಗೊಂದಲ ಹುಟ್ಟುವುದು ಇಲ್ಲೇ. ಆಗ ಮತ್ತೆ ಕಳಿಸುವ ಮೊದಲು ಬ್ಯಾಲೆನ್ಸ್ ನೋಡಬೇಕು. ನಂಬರಿನ ಒಂದು ಅಂಕಿ ತಪ್ಪಿದರೆ ಹಣ ಗುರುತಿಲ್ಲದವರಿಗೆ ಸೇರಿ, ಮರಳಿ ಪಡೆಯಲು ಕಂಪನಿಯ ಮೊರೆ ಹೋಗಬೇಕಾಗುತ್ತದೆ.

ಟೆಲಿಸೋಮ್ ಹಣ ಕಳಿಸುವುದಕ್ಕೆ ಶುಲ್ಕ ಇಡದೆಯೇ ಝಾದ್ ಶುರುಮಾಡಿತು. ಹಣ ಸಿಮ್‌ನಲ್ಲಿ ಉಳಿದರೆ ಗಿರಾಕಿ ಬೇರೆ ಕಂಪನಿಗೆ ಹೋಗುವುದಿಲ್ಲ, ಅದೇ ಹಣದಲ್ಲಿ ರೀಚಾರ್ಜ್ ಮಾಡುತ್ತಾನೆ. ಕಂಪನಿಗೆ ಅದೇ ಲಾಭ. ವಿಶ್ವಬ್ಯಾಂಕ್ 2018ರಲ್ಲಿ ಪ್ರಕಟಿಸಿದ ಅಧ್ಯಯನದಂತೆ 16 ವರ್ಷ ದಾಟಿದವರಲ್ಲಿ 73% ಮಂದಿ ಮೊಬೈಲ್ ಹಣ ಬಳಸುತ್ತಿದ್ದರು. ತಿಂಗಳಿಗೆ ಸುಮಾರು 15.5 ಕೋಟಿ ವಹಿವಾಟು, ಮೊತ್ತ 270 ಕೋಟಿ ಡಾಲರ್.

ಇಲ್ಲಿ ಒಂದು ವಿಷಯವನ್ನು ಬಿಡಿಸಿ ನೋಡಬೇಕು. ದರ್ಶಿನಿ ಹೋಟೆಲಿನಲ್ಲಿ ಕೌಂಟರಿಗೆ ದುಡ್ಡು ಕೊಟ್ಟು ಟೋಕನ್ ತೆಗೆದುಕೊಳ್ಳುತ್ತೇವೆ. ಹೊರಗಿರುವ ಟೋಕನ್‌ಗಳ ಬೆಲೆಯಷ್ಟು ಹಣ ಗಲ್ಲಾಪೆಟ್ಟಿಗೆಯಲ್ಲಿ ಇರಲೇಬೇಕು. ಮೊಬೈಲ್ ಹಣವೂ ಟೋಕನ್ನೇ. ಗಲ್ಲಾದಲ್ಲಿ ನಿಜವಾಗಿ ಅಷ್ಟು ಡಾಲರ್ ಇದೆಯೇ, ಕಂಪನಿ ಮುಳುಗಿದರೆ ಅದು ಗಿರಾಕಿಗಳಿಗೆ ಸೇರುತ್ತದೆಯೇ ಎಂದು ಹೊರಗಿನವರೊಬ್ಬರು ಎಣಿಸಿ ನೋಡಬೇಕು. ವರ್ಷಗಟ್ಟಲೆ ಅಲ್ಲಿ ಎಣಿಸುವವರಿರಲಿಲ್ಲ. ಜನ ಬರೀ ನಂಬಿಕೆಯ ಮೇಲೆ ಬಾಳಿದರು. ಸೋಮಾಲಿಯಾದ ಕೇಂದ್ರ ಬ್ಯಾಂಕ್ ಮೊದಲ ಮೊಬೈಲ್ ಹಣದ ಲೈಸೆನ್ಸ್ ಕೊಟ್ಟದ್ದು 2021ರ ಫೆಬ್ರುವರಿಯಲ್ಲಿ, ಹೊರ್ಮೂದ್‌ಗೆ.

ಆಕಾಶದಿಂದ ಸಮುದ್ರಕ್ಕೆ

ಕೇಬಲ್ ಬರುವ ಮೊದಲು ಹೊರದಾರಿ ಎಂದರೆ ಉಪಗ್ರಹವೇ. ಭೂಮಿಯಿಂದ ಸುಮಾರು 36,000 ಕಿ.ಮೀ. ಮೇಲೆ ನಿಂತಂತೆ ಕಾಣುವ ಉಪಗ್ರಹಕ್ಕೆ ಸಂಕೇತ ಏರಿ ಇಳಿಯಲು 72,000 ಕಿ.ಮೀ., ಉತ್ತರ ಬರಲು ಇನ್ನೊಂದು 72,000. ಬೆಳಕಿನ ವೇಗದಲ್ಲೂ ಅರ್ಧ ಸೆಕೆಂಡ್ ಹಿಡಿಯುತ್ತದೆ. "ಹಲೋ" ಎಂದ ಮೇಲೆ ಒಂದು ಗುಟುಕು ಮೌನ, ಆಮೇಲೆ ಇಬ್ಬರೂ ಒಟ್ಟಿಗೆ ಮಾತಾಡಿ ಇಬ್ಬರೂ ನಿಲ್ಲಿಸುವುದು. ಬೆಲೆಯೂ ಹೆಚ್ಚು.

ದಕ್ಷಿಣ ಆಫ್ರಿಕಾದಿಂದ ಸುಡಾನಿನವರೆಗೆ ಸುಮಾರು 10,000 ಕಿ.ಮೀ. ಉದ್ದದ ಈಸಿ ಎಂಬ ಕೇಬಲ್ 2010ರಲ್ಲಿ ಕೆಲಸ ಶುರುಮಾಡಿ ಸೋಮಾಲಿಯಾದ ಕಡಲನ್ನು ಹಾದುಹೋಯಿತು. ಮೊಗದಿಶುವಿನ ಜನರಿಗೆ ಅದರ ಸೇವೆ ಸಿಗಲು 2013ರ ಕೊನೆ, 2014ರ ಆರಂಭದವರೆಗೆ ಕಾಯಬೇಕಾಯಿತು. ಅದೇ 2014ರ ಜನವರಿಯಲ್ಲಿ ಅಲ್-ಶಬಾಬ್ ಉಗ್ರಗಾಮಿಗಳು ಮೊಬೈಲ್ ಇಂಟರ್ನೆಟ್ ನಿಲ್ಲಿಸಬೇಕೆಂದು ಕಂಪನಿಗಳಿಗೆ ಗಡುವು ಕೊಟ್ಟಿದ್ದರು. ಅವರ ಹಿಡಿತದ ಊರುಗಳಲ್ಲಿ ಸೇವೆ ನಿಂತಿತು.

ಇದೇ ಈಸಿ ಕೇಬಲ್ 2017ರಲ್ಲಿ ತುಂಡಾದಾಗ ದುರಸ್ತಿಗೆ ಮೂರು ವಾರ ಯಾಕೆ? ಮೊದಲು ಎಲ್ಲಿ ಕಡಿದಿದೆ ಎಂದು ದಡದಿಂದಲೇ ಅಳೆಯುತ್ತಾರೆ. ಗಾಜಿನ ಎಳೆಯೊಳಗೆ ಬೆಳಕಿನ ಮಿಡಿತ ಬಿಟ್ಟು, ಮುರಿದ ಜಾಗಕ್ಕೆ ತಾಗಿ ಹಿಂದಿರುಗುವ ಹೊತ್ತು ಎಣಿಸುತ್ತಾರೆ. ಗಾಜಿನಲ್ಲಿ ಬೆಳಕು ಸೆಕೆಂಡಿಗೆ 2 ಲಕ್ಷ ಕಿ.ಮೀ. ಓಡುತ್ತದೆ, ಅರ್ಧ ಮಿಲಿಸೆಕೆಂಡಿಗೆ ಹಿಂದಿರುಗಿದರೆ ಕಡಿತ 50 ಕಿ.ಮೀ. ದೂರದಲ್ಲಿದೆ. ಆಮೇಲೆ ದುರಸ್ತಿ ಹಡಗು ಬರಬೇಕು. ಇಂಥ ಹಡಗುಗಳು ಪ್ರಪಂಚದಲ್ಲೇ ಕೆಲವು ಹತ್ತಾರು. ಬೇರೆ ಕೆಲಸ ಮುಗಿಸಿ, ಬಿಡಿ ಕೇಬಲ್ ತುಂಬಿಕೊಂಡು, ಆ ಕಡಲಿನಲ್ಲಿ ಕೆಲಸಕ್ಕೆ ಅನುಮತಿ ಪಡೆದು ಹೊರಡಬೇಕು. ಕೊಕ್ಕೆ ಇಳಿಬಿಟ್ಟು ತಳವನ್ನು ಜಾಲಾಡಿ ಒಂದು ತುದಿ ಎತ್ತುತ್ತಾರೆ, ತಪಾಸಿಸಿ, ಮುಚ್ಚಿ, ತೇಲುಬುರುಡೆಗೆ ಕಟ್ಟುತ್ತಾರೆ. ಇನ್ನೊಂದು ತುದಿಗೆ ಹೊಸ ತುಂಡು ಸೇರಿಸಿ, ಮೊದಲ ತುದಿಯವರೆಗೆ ಹಾಸಿ, ಕೊನೆಯ ಗಂಟು ಹಾಕುತ್ತಾರೆ. ಕೂದಲಿನಷ್ಟು ಸಣ್ಣ ಎಳೆಗಳನ್ನು ಒಂದೊಂದಾಗಿ ಬೆಸೆದು, ಮೇಲೆ ಹೊದಿಕೆ ಕಟ್ಟುವ ಒಂದು ಗಂಟಿಗೇ ಅರ್ಧ ದಿನದಿಂದ ಒಂದು ದಿನ ಬೇಕು. ಅಲೆ ಜೋರಾದರೆ ಕಾಯಬೇಕು. ಮೂರು ವಾರ ಇದಕ್ಕೆ ವಿಪರೀತವೇನಲ್ಲ. ವಿಪರೀತವಾದದ್ದು ಅಷ್ಟು ದೊಡ್ಡ ನಾಡು ಒಂದೇ ಕೇಬಲ್ಲಿನ ಮೇಲೆ ನಿಂತಿದ್ದದ್ದು.

ಆ ವಾರಗಳಲ್ಲಿ ಯಾವುದು ನಿಲ್ಲುತ್ತದೆ, ಯಾವುದು ನಿಲ್ಲಬೇಕಿಲ್ಲ ಎಂಬುದನ್ನು ಡೇರಿಯ ಲೆಕ್ಕದಲ್ಲೇ ಹೇಳಬಹುದು. ಹೊರರಾಜ್ಯದ ಹೆದ್ದಾರಿ ಮುಚ್ಚಿದರೂ ಊರೂರಿನ ಹಾಲು ಒಕ್ಕೂಟಕ್ಕೆ ಬರುತ್ತದೆ. ಸ್ಥಳೀಯ ಕರೆ, *712# ಎರಡರ ಲೆಕ್ಕವೂ ಊರೊಳಗಿನ ಎಕ್ಸ್‌ಚೇಂಜಿನಲ್ಲಿರುತ್ತದೆ; ಅವು ಕೇಬಲ್ಲಿಗಾಗಿ ಕಾಯಬೇಕಿಲ್ಲ. ವಿಶ್ವವಿದ್ಯಾಲಯಗಳು, ಇಮೇಲ್, ವಿಮಾನದ ಟಿಕೆಟ್, ಹೊರದೇಶದ ಹವಾಲಾ ಲೆಕ್ಕ, ಇವು ಕಾಯಬೇಕು, ಅಥವಾ ಮತ್ತೆ ದುಬಾರಿ ಉಪಗ್ರಹಕ್ಕೆ ಹೋಗಬೇಕು. ನಂತರದ ವರ್ಷಗಳಲ್ಲಿ ಬೇರೆ ಕೇಬಲ್‌ಗಳು ಬಂದವು. 2021ರ ಹೊತ್ತಿಗೆ ಜಿಬೂತಿಯಿಂದ ಕೀನ್ಯಾದ ಮೊಂಬಾಸಾಕ್ಕೆ ಹೋಗುವ ಡೇರ್-1 ಕೇಬಲ್ ಬೊಸಾಸೊ ಮತ್ತು ಮೊಗದಿಶುವಿನಲ್ಲಿ ದಡ ಹತ್ತಿತು.

ಐದನೆಯ ತುಂಡು

2012ರಲ್ಲಿ ಫೆಡರಲ್ ಸರ್ಕಾರ ರಚನೆಯಾಯಿತು. ಯುದ್ಧ ಪೂರ್ತಿ ಮುಗಿದಿಲ್ಲ. 2017ರ ಅಕ್ಟೋಬರ್‌ನಲ್ಲಿ ರಾಷ್ಟ್ರೀಯ ಸಂಪರ್ಕ ಕಾಯ್ದೆಗೆ ಅಧ್ಯಕ್ಷರ ಸಹಿ ಬಿತ್ತು, 2018ರಲ್ಲಿ ರಾಷ್ಟ್ರೀಯ ಸಂಪರ್ಕ ಪ್ರಾಧಿಕಾರ ಹುಟ್ಟಿತು. ಫೋನ್ ಬಂದು ಇಪ್ಪತ್ತು ವರ್ಷ ದಾಟಿದ ಮೇಲೆ ಬಂದ ನಿಯಂತ್ರಕ ಇದು.

ಇದರ ಅಗತ್ಯ ತರಂಗದ ವಿಷಯದಲ್ಲಿ ಚೆನ್ನಾಗಿ ಕಾಣುತ್ತದೆ. 900 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಜಿಎಸ್‌ಎಂಗೆ ಮೂಲತಃ ಇರುವುದು 124 ಚಾನೆಲ್. ಜಾತ್ರೆಯಲ್ಲಿ ಎರಡು ಮೈಕ್ ಸೆಟ್ ಅಕ್ಕಪಕ್ಕ ಕೂಗಿದರೆ ಯಾವುದೂ ಕೇಳುವುದಿಲ್ಲ. ಇಬ್ಬರು ಒಂದೇ ಚಾನೆಲ್ ಹಿಡಿದರೂ ಹಾಗೆಯೇ. ಸಿಗ್ನಲ್ ಕಡ್ಡಿ ನಾಲ್ಕೂ ತುಂಬಿರುತ್ತದೆ, ಮಾತು ಮಾತ್ರ ಒಡೆದು ಬರುತ್ತದೆ. ಕಂಪನಿಗಳು ಪರಸ್ಪರ ಮಾತಾಡಿಕೊಂಡು ಹಂಚಿಕೊಳ್ಳಬಹುದು, ಆದರೆ ಮೊದಲು ಬಂದವರಿಗೆ ಹೆಚ್ಚು ಪಾಲು ಉಳಿಯುತ್ತದೆ, ಹೊಸಬರಿಗೆ ಬಾಗಿಲು ಮುಚ್ಚುತ್ತದೆ. ಲೈಸೆನ್ಸ್, ತರಂಗ ಹಂಚಿಕೆ, ಕಂಪನಿಗಳ ನಡುವಿನ ಕೊಂಡಿ, ನಂಬರ್ ಯೋಜನೆ ಎಲ್ಲ ಈಗ ಪ್ರಾಧಿಕಾರದ ಕೆಲಸ. ಸೋಮಾಲಿಲ್ಯಾಂಡಿನಲ್ಲಿ ಅದರ ಮಾತು ನಡೆಯುವುದಿಲ್ಲ ಎಂಬುದೂ ಇದರ ಭಾಗವೇ.

ಟವರ್ ಮುಟ್ಟದ ಕಡೆ

ಒಂಟೆ ಮೇಕೆಗಳ ಹಿಂದೆ ನೀರು ಹುಡುಕಿ ಅಲೆಯುವ ಕುಟುಂಬಗಳು ಸೋಮಾಲಿಯಾದಲ್ಲಿ ಬಹಳ. ಅವರ ದಾರಿಯಲ್ಲಿ ಟವರ್ ವಿರಳ. ಏಳು ಬ್ಯಾರೆಲ್ ಡೀಸೆಲ್ ಅಥವಾ 30 ಪ್ಯಾನೆಲ್‌ಗಳ ಖರ್ಚು ಹುಟ್ಟುವಷ್ಟು ಗಿರಾಕಿಗಳು ಅಲ್ಲಿ ಇಲ್ಲ. 2025ರ ಏಪ್ರಿಲ್‌ನಲ್ಲಿ ಸ್ಟಾರ್‌ಲಿಂಕ್‌ಗೆ ಪ್ರಾಧಿಕಾರ ಲೈಸೆನ್ಸ್ ಕೊಟ್ಟಿದೆ. ಅದರ ಉಪಗ್ರಹಗಳು ಸುಮಾರು 550 ಕಿ.ಮೀ. ಎತ್ತರದಲ್ಲಷ್ಟೇ ಇರುವುದರಿಂದ ಆ ಅರ್ಧ ಸೆಕೆಂಡಿನ ಮೌನ ಇಲ್ಲ. ತಟ್ಟೆಯೊಂದಕ್ಕೆ 100 ವಾಟ್ ಆಸುಪಾಸು ಸಾಕು: ದಿನಕ್ಕೆ 10 ಗಂಟೆಗೆ ಒಂದು ಯೂನಿಟ್, ಅದಕ್ಕೆ 200 ವಾಟಿನ ಎರಡು ಪ್ಯಾನೆಲ್, ಒಂದು ಬ್ಯಾಟರಿ. ಶಾಲೆಗೋ ಆಸ್ಪತ್ರೆಗೋ ಇದು ಹೊಂದುತ್ತದೆ. ಆದರೆ ಆ ತಟ್ಟೆ ಕೊಡುವುದು ಇಂಟರ್ನೆಟ್ ಮಾತ್ರ. ಸ್ಮಾರ್ಟ್‌ಫೋನ್ ಇಲ್ಲದ ಕುರುಬಿತಿ ಮೇಕೆ ಮಾರಿದ ಹಣವನ್ನು ತನ್ನ ಗುಂಡಿ ಫೋನಿಗೆ ಪಡೆಯಬೇಕಾದರೆ, *712# ಓಡಾಡುವ ಟವರಿನ ಸಿಗ್ನಲ್ ಇರುವ ದಿಬ್ಬದವರೆಗೆ ಅವಳು ನಡೆದುಕೊಂಡೇ ಬರಬೇಕು.